ಎಲೆ ನೆಟ್ಟು ಬಂದ ಈ ಗಿಡ ಯಾವುದು?

ನೀವು ಕಳಿಸಿದ ಚಿತ್ರದಲ್ಲಿ ಎಲೆಯ ಅಂಚಿನ ಕಚ್ಚುಗಳನ್ನು ನೋಡಿದ ಕೂಡಲೇ ಗೊತ್ತಾಯಿತು. ನಿಮ್ಮ ಅತ್ತಿಗೆ ಕೊಟ್ಟ ಎಲೆಯಿಂದ ಬಂದಿದ್ದು ನಮ್ಮ ಮನೆಗಳಲ್ಲಿ ಬ್ರಹ್ಮಕಮಲ ಎಂದು ಬೆಳೆಸುವ ಗಿಡ. ಹಿಮಾಲಯದ ಬ್ರಹ್ಮಕಮಲ ಬೇರೆಯೇ; ಇದು ಮೆಕ್ಸಿಕೊ, ಗ್ವಾಟೆಮಾಲ ಕಡೆ ಮರಗಳ ಮೇಲೆ ಬೆಳೆಯುವ ಕಳ್ಳಿ, ಎಪಿಫಿಲಮ್ ಆಕ್ಸಿಪೆಟಲಮ್. ಇನ್ನೂ ಅನುಮಾನವಿದ್ದರೆ ಬುಡ ನೋಡಿ. ಕಾಂಡ ಅಲ್ಲಿ ಕೋಲಿನಂತೆ ಗುಂಡಗಿದ್ದು, ಮೇಲೆ ಹೋದಂತೆ ಚಪ್ಪಟೆಯಾಗಿರುತ್ತದೆ. ಮೂರು ಏಣುಗಳೂ ಮುಳ್ಳುಗಳೂ ಇದ್ದರೆ ಮಾತ್ರ ಅದು ಡ್ರ್ಯಾಗನ್ ಹಣ್ಣಿನ ಗಿಡ.

ನೀವು ಎಲೆ ಎಂದುಕೊಂಡಿದ್ದು ನಿಜಕ್ಕೂ ಕಾಂಡವೇ. ಅದಕ್ಕೇ ತುಂಡು ನೆಟ್ಟರೂ ಅಷ್ಟು ಚೆನ್ನಾಗಿ ಚಿಗುರಿತು. ಮೊಗ್ಗು ಬರುವುದೂ ಆ ಕಚ್ಚುಗಳಿಂದಲೇ, ಅದೂ ಬಲಿತ ಕಾಂಡದಲ್ಲಿ. ಹಾಗಾಗಿ ಉದ್ದವಾಯಿತೆಂದು ಕತ್ತರಿಸುತ್ತಿದ್ದೀರಲ್ಲ, ದಯವಿಟ್ಟು ನಿಲ್ಲಿಸಿ. ಒಂದು ಕೋಲು ಊರಿ ಸಡಿಲವಾಗಿ ಕಟ್ಟಿ. ತುಂಡಿನಿಂದ ಬಂದ ಗಿಡ ಹೂ ಬಿಡಲು ಸಾಮಾನ್ಯವಾಗಿ 2–3 ವರ್ಷ ಬೇಕು, ಇನ್ನೂ ಹೂ ಬಂದಿಲ್ಲವೆಂದು ಈಗಲೇ ಬೇಸರ ಬೇಡ.

ಬೆಳಗಿನ ಎಳೆಬಿಸಿಲು ಸಾಕು. ಮೇಲ್ಮಣ್ಣು ಒಣಗಿದ ಮೇಲಷ್ಟೇ ನೀರು ಹಾಕಿ, ತಟ್ಟೆಯಲ್ಲಿ ನಿಂತ ನೀರು ಚೆಲ್ಲಿಬಿಡಿ. ಬೇರು ಕೊಳೆತರೆ ಗಿಡ ಉಳಿಯುವುದು ಕಷ್ಟ. ಹೂ ರಾತ್ರಿ ಅರಳಿ ಬೆಳಗಾಗುವಷ್ಟರಲ್ಲಿ ಮುದುಡುತ್ತದೆ. ಮೊಗ್ಗು ಕಂಡಮೇಲೆ ಕುಂಡದ ಜಾಗ ಬದಲಿಸಬೇಡಿ, ಉದುರಿಹೋದೀತು.