ವಿಷುವಲ್‌ಫೋರ್ಸ್ ಚೌಕಟ್ಟಿನ ಸಿದ್ಧ ನಿಯಂತ್ರಕ

ಅಮೆರಿಕೆಯ ಸೇಲ್ಸ್‌ಫೋರ್ಸ್ ಸಂಸ್ಥೆಯು ವ್ಯವಹಾರ ಸಂಸ್ಥೆಗಳ ಬಳಕೆಗೆಂದು ನಿರ್ಮಿಸಿದ ವಿಷುವಲ್‌ಫೋರ್ಸ್ ಎಂಬ ಜಾಲಪುಟ ಚೌಕಟ್ಟಿನಲ್ಲಿ, ಕಣ್ಣಿಗೆ ಕಾಣುವ ಪುಟವೇ ಬೇರೆ, ಅದನ್ನು ನಡೆಸುವ ಕಂಟ್ರೋಲರ್ ಅಥವಾ ನಿಯಂತ್ರಕವೇ ಬೇರೆ. ಪುಟದ ಆರಂಭದಲ್ಲಿ ‘ಸ್ಟ್ಯಾಂಡರ್ಡ್ ಕಂಟ್ರೋಲರ್’ ಎಂಬ ಗುಣಪದವನ್ನಿರಿಸಿ ‘ಅಕೌಂಟ್’ ಎಂದು ಹೆಸರಿಸಿದರೆ ಸಾಕು. ಉಳಿಸುವ, ತಿದ್ದುವ, ಅಳಿಸುವ, ರದ್ದುಗೊಳಿಸುವ ಕ್ರಿಯೆಗಳೆಲ್ಲವೂ ಸಿದ್ಧವಾಗಿ ಒದಗುತ್ತವೆ. ಯಾವ ಗ್ರಾಹಕನ ದಾಖಲೆಯೆಂಬುದು ಪುಟದ ವಿಳಾಸದಲ್ಲಿರುವ ಗುರುತುಸಂಖ್ಯೆಯಿಂದ ತಿಳಿಯುತ್ತದೆ. ಪಾಣಿನಿಯ ಸೂತ್ರಗಳಲ್ಲಿ ಒಮ್ಮೆ ಬಂದ ಪದವು ಮುಂದಿನ ಸೂತ್ರಗಳಿಗೂ ಅನುವೃತ್ತಿಯಾಗುವುದನ್ನು ಬಲ್ಲವರಿಗೆ ಈ ಕ್ರಮ ಅಪರಿಚಿತವೆನಿಸದು.

ಆದರೆ ಎಡವುವುದೂ ಇಲ್ಲಿಯೇ. ನಿಯಂತ್ರಕವು ದಾಖಲೆಯನ್ನು ಇಡಿಯಾಗಿ ತರುವುದಿಲ್ಲ. ಪುಟದಲ್ಲಿ ಉಲ್ಲೇಖಗೊಂಡ ಅಂಶಗಳನ್ನು ಮಾತ್ರ ತರುತ್ತದೆ. ಪುಟದಲ್ಲಿ ಗ್ರಾಹಕನ ಹೆಸರು ಮಾತ್ರವಿದ್ದು, ನಿಯಂತ್ರಕಕ್ಕೆ ಜೋಡಿಸಿದ ವಿಸ್ತರಣ ಭಾಗವು ದೂರವಾಣಿ ಸಂಖ್ಯೆಯನ್ನು ಬೇಡಿದರೆ ಕಾರ್ಯ ಅರ್ಧದಲ್ಲೇ ನಿಂತು ದೋಷಸೂಚನೆ ಬರುತ್ತದೆ. ಸಂಖ್ಯೆಯೇ ದಾಖಲಾಗಿಲ್ಲವೆಂದು ತಿಳಿಯುವುದು ತಪ್ಪು. ಅದನ್ನು ಕೇಳಿ ತರಿಸಿರುವುದಿಲ್ಲ, ಅಷ್ಟೆ. ‘ಆಡ್‌ಫೀಲ್ಡ್ಸ್’ ಎಂಬ ವಿಧಾನದಿಂದ ಬೇಕಾದುದನ್ನು ಸೇರಿಸಬಹುದು, ಆದರೆ ದಾಖಲೆ ಬಂದಿಳಿಯುವ ಮೊದಲೇ ಸೇರಿಸಬೇಕು.

ಇದಕ್ಕಿಂತ ಗಂಭೀರವಾದುದು ಅಧಿಕಾರದ ವಿಚಾರ. ಸಿದ್ಧ ನಿಯಂತ್ರಕವು ಬಳಕೆದಾರನ ಅಧಿಕಾರದ ಮಿತಿಯೊಳಗೇ ನಡೆಯುತ್ತದೆ. ಗುಮಾಸ್ತನು ನೋಡಬಾರದ ಅಂಶವನ್ನು ಅವನಿಗೆ ತೋರದು. ಕ್ರಮವಿಧಿಕಾರನು ಸ್ವತಃ ಬರೆದು ಜೋಡಿಸಿದ ವಿಸ್ತರಣೆಗೂ ಆ ಕಾವಲು ತಾನಾಗಿಯೇ ಅನುವೃತ್ತಿಯಾಗುವುದೆಂದು ಭಾವಿಸಕೂಡದು. ದಾಖಲೆಗಳ ಹಂಚಿಕೆಯ ನಿಯಮ ಅಲ್ಲಿ ಅನ್ವಯಿಸಬೇಕಾದರೆ ‘ವಿತ್ ಶೇರಿಂಗ್’ ಎಂಬ ಪದವನ್ನು ಸ್ಪಷ್ಟವಾಗಿ ಬರೆಯುವುದೇ ಉಚಿತ. ಒಂದೊಂದು ಅಂಶವನ್ನೂ ನೋಡುವ ಹಕ್ಕನ್ನು ಬೇರೆಯಾಗಿ ಪರೀಕ್ಷಿಸಬೇಕು.