ರಕ್ತಸಂಬಂಧದ ಸಾಕ್ಷಿ

"ನೂಲಿನಂತೆ ಸೀರೆ, ತಾಯಿಯಂತೆ ಮಗಳು" ಎಂಬ ಗಾದೆ ನಮ್ಮಲ್ಲಿ ಹಳೆಯದು. "ನದೀಮೂಲ, ಋಷಿಮೂಲ ಕೇಳಬಾರದು" ಎಂಬ ಮಾತೂ ಅಷ್ಟೇ ಹಳೆಯದು. ಮೊದಲನೆಯದು ವಂಶಗುಣವನ್ನು ಒಪ್ಪುತ್ತದೆ. ಎರಡನೆಯದು ಅದನ್ನು ಕೆದಕಬೇಡವೆನ್ನುತ್ತದೆ. ಜಯನಗರ, ಬನಶಂಕರಿ, ಜೆ.ಪಿ. ನಗರಗಳಲ್ಲಿ ರಕ್ತಪರೀಕ್ಷಾಲಯಗಳ ಫಲಕಗಳನ್ನು ಓದುತ್ತ ಕಾಲೇಜಿಗೆ ಬರುವ ನಾವು ಈ ಎರಡರ ನಡುವಣ ವಿವೇಕದ ದಾರಿಯನ್ನು ತಿಳಿಯಬೇಕಾಗಿದೆ. ನಾನು ಕಲಾವಿಭಾಗದ ವಿದ್ಯಾರ್ಥಿ. ಓದಿ ತಿಳಿದಷ್ಟನ್ನು ಸಹಪಾಠಿಗಳ ಮುಂದಿಡುತ್ತೇನೆ.

ರಕ್ತದ ಗುಂಪು

1901ರಲ್ಲಿ ವಿಯೆನ್ನಾದ ಕಾರ್ಲ್ ಲ್ಯಾಂಡ್‌ಸ್ಟೈನರನು ರಕ್ತದ ಗುಂಪುಗಳನ್ನು ವಿವರಿಸಿದನು. ಎಬಿ ಗುಂಪಿನ ತಂದೆಗೆ ಓ ಗುಂಪಿನ ಮಗು ಹುಟ್ಟುವುದು ಸಾಮಾನ್ಯವಾಗಿ ಸಾಧ್ಯವಿಲ್ಲ. ಆದುದರಿಂದ ರಕ್ತದ ಗುಂಪು "ಇವನು ತಂದೆಯಲ್ಲ" ಎನ್ನಬಲ್ಲದು. "ಇವನೇ ತಂದೆ" ಎನ್ನಲಾರದು, ಏಕೆಂದರೆ ಅದೇ ಗುಂಪಿನವರು ಲಕ್ಷಾಂತರ ಮಂದಿಯಿರುತ್ತಾರೆ.

"ಅಲ್ಲ" ಎನ್ನುವಾಗಲೂ ಎಚ್ಚರ ಬೇಕು. 1952ರಲ್ಲಿ ಮುಂಬಯಿಯ ಡಾ. ವೈ.ಎಂ. ಭೆಂಡೆ ಮತ್ತು ಸಂಗಡಿಗರು ಒಂದು ವಿಚಿತ್ರ ಗುಂಪನ್ನು ಕಂಡುಹಿಡಿದರು. "ಬಾಂಬೆ ಗುಂಪು" ಎಂದು ಪ್ರಸಿದ್ಧವಾದ ಇದು ಸಾಧಾರಣ ಪರೀಕ್ಷೆಯಲ್ಲಿ ಓ ಎಂದೇ ತೋರುತ್ತದೆ. ಒಳಗೆ ಮಾತ್ರ ಬಿ ಗುಣ ಅಡಗಿರಬಹುದು. ಅಂಥ ತಂದೆಗೂ ಓ ಗುಂಪಿನ ತಾಯಿಗೂ ಬಿ ಗುಂಪಿನ ಮಗು ಹುಟ್ಟಬಹುದು. ಅರ್ಧ ತಿಳಿದವನು ಆ ನಿರ್ದೋಷಿಯಾದ ತಾಯಿಯ ಮೇಲೆ ಅಪವಾದ ಹೊರಿಸಿದರೆ ಗತಿಯೇನು?

ಡಿ.ಎನ್.ಎ. ಪರೀಕ್ಷೆ

1984ರಲ್ಲಿ ಇಂಗ್ಲೆಂಡಿನ ಲೆಸ್ಟರ್ ವಿಶ್ವವಿದ್ಯಾನಿಲಯದ ಅಲೆಕ್ ಜೆಫ್ರೀಸ್ ಡಿ.ಎನ್.ಎ. ಬೆರಳಚ್ಚಿನ ವಿಧಾನವನ್ನು ಕಂಡುಕೊಂಡರು. ನಮ್ಮ ಜೀವಕೋಶದಲ್ಲಿ 23 ಜೊತೆ ವರ್ಣತಂತುಗಳಿವೆ. ಪ್ರತಿ ಜೊತೆಯಲ್ಲಿ ಒಂದು ತಾಯಿಯದು, ಒಂದು ತಂದೆಯದು. ಅವುಗಳ ಕೆಲವು ಸ್ಥಾನಗಳಲ್ಲಿ ಒಂದು ಚಿಕ್ಕ ತುಣುಕು, ಮಣಿಸರದ ಮಣಿಗಳಂತೆ, ಮತ್ತೆ ಮತ್ತೆ ಬರುತ್ತದೆ. ಎಷ್ಟು ಸಲ ಎಂಬುದು ಒಬ್ಬರಿಂದೊಬ್ಬರಿಗೆ ಬೇರೆ.

ಒಂದು ಸ್ಥಾನದಲ್ಲಿ ತಾಯಿಯ ಎಣಿಕೆ 8 ಮತ್ತು 11, ಮಗುವಿನದು 11 ಮತ್ತು 14 ಎಂದಿಟ್ಟುಕೊಳ್ಳೋಣ. 11 ತಾಯಿಯಿಂದ ಬಂದುದು. 14 ತಂದೆಯಿಂದಲೇ ಬರಬೇಕು. ಆ ಪುರುಷನಲ್ಲಿ 14 ಇದ್ದರೆ ಅವನು ತಂದೆಯಾಗಿರಬಹುದು. ಹತ್ತರಲ್ಲೊಬ್ಬನಲ್ಲಿ ಅದು ಇರುವುದಾದರೆ ಒಂದು ಸ್ಥಾನದಿಂದ ಏನೂ ಸಿದ್ಧವಾಗದು. ಆದರೆ ಅಂಥ ಹತ್ತು ಸ್ವತಂತ್ರ ಸ್ಥಾನಗಳೂ ಆಕಸ್ಮಿಕವಾಗಿ ಹೊಂದುವ ಸಂಭವ 1000 ಕೋಟಿಯಲ್ಲಿ ಒಂದು. ಇಂದು ಸಾಮಾನ್ಯವಾಗಿ 15ಕ್ಕೂ ಹೆಚ್ಚು ಸ್ಥಾನಗಳನ್ನು ನೋಡುತ್ತಾರೆ. ಒಂದೇ ಸ್ಥಾನ ತಪ್ಪಿದರೆ ಅದು ಸಹಜ ವ್ಯತ್ಯಾಸವಾಗಿರಬಹುದು. ಹಲವು ತಪ್ಪಿದರೆ ಅವನು ತಂದೆಯಲ್ಲ.

ಕಾನೂನಿನ ಕಣ್ಣು

ವಿಜ್ಞಾನ ಸತ್ಯವನ್ನು ಕೇಳಿದರೆ ಕಾನೂನು ಮಗುವಿನ ಮಾನವನ್ನೂ ಕೇಳುತ್ತದೆ. ದಾಂಪತ್ಯ ಊರ್ಜಿತವಾಗಿರುವಾಗ ಹುಟ್ಟಿದ ಮಗು ಗಂಡನದೇ ಎಂದು ಭಾವಿಸತಕ್ಕದ್ದು. ಗಂಡಹೆಂಡಿರು ಕೂಡುವ ಅವಕಾಶವೇ ಇರಲಿಲ್ಲವೆಂದು ತೋರಿಸಿದರೆ ಮಾತ್ರ ಈ ಭಾವನೆ ಬೀಳುತ್ತದೆ. 1872ರ ಸಾಕ್ಷ್ಯ ಅಧಿನಿಯಮದ 112ನೆಯ ಕಲಮಿನಲ್ಲಿದ್ದ ಈ ವಿಧಿ, 2024ರ ಜುಲೈ 1ರಿಂದ ಭಾರತೀಯ ಸಾಕ್ಷ್ಯ ಅಧಿನಿಯಮದ 116ನೆಯ ಕಲಮಾಗಿದೆ. ರಕ್ತಪರೀಕ್ಷೆಯನ್ನು ವಾಡಿಕೆಯಂತೆ ಆಜ್ಞಾಪಿಸಕೂಡದೆಂದು ಸರ್ವೋಚ್ಚ ನ್ಯಾಯಾಲಯ 1993ರ ಗೌತಮ್ ಕುಂಡು ಮೊಕದ್ದಮೆಯಲ್ಲಿ ಹೇಳಿತು. ಪರೀಕ್ಷೆ ಈಗಾಗಲೇ ನಡೆದು ಫಲ ನಿರ್ವಿವಾದವಾಗಿದ್ದರೆ ಭಾವನೆಗಿಂತ ಸತ್ಯವೇ ಮೇಲೆಂದು 2014ರಲ್ಲಿ ತೀರ್ಮಾನಿಸಿತು. ಈ ಎರಡು ತೀರ್ಪುಗಳ ಎಳೆದಾಟ ಇನ್ನೂ ಮುಗಿದಿಲ್ಲ. ಗುಟ್ಟಾಗಿ ಮಗುವಿನ ಕೂದಲನ್ನು ಪರೀಕ್ಷೆಗೆ ಕಳುಹಿಸುವವರು ಇದನ್ನು ಯೋಚಿಸಬೇಕು.

ಮದುವೆಗೆ ಮುಂಚೆ

ನಮ್ಮ ನಾಡಿಗೆ ಇದಕ್ಕಿಂತಲೂ ಹತ್ತಿರದ ವಿಷಯ ಆರೋಗ್ಯದ ತಪಾಸಣೆ. ಸೋದರಮಾವನಿಗೆ ಹೆಣ್ಣು ಕೊಡುವುದು, ಸೋದರತ್ತೆಯ ಮಗನನ್ನು ವರಿಸುವುದು ನಮ್ಮಲ್ಲಿ ಬಹುಕಾಲದ ರೂಢಿ. 1980ರ ದಶಕದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊ. ಎನ್. ಅಪ್ಪಾಜಿ ರಾವ್ ಮತ್ತು ಸಹೋದ್ಯೋಗಿಗಳು ಬೆಂಗಳೂರು, ಮೈಸೂರುಗಳ ಒಂದು ಲಕ್ಷಕ್ಕೂ ಹೆಚ್ಚು ನವಜಾತ ಶಿಶುಗಳನ್ನು ಪರೀಕ್ಷಿಸಿದರು. ಅವರ ತಂದೆತಾಯಿಗಳಲ್ಲಿ ಸುಮಾರು ಮೂರರಲ್ಲೊಂದು ಜೋಡಿ ರಕ್ತಸಂಬಂಧಿಗಳಾಗಿತ್ತು.

ಲೆಕ್ಕ ಸುಲಭ. ಥಲಸ್ಸೀಮಿಯದಂಥ ಅನೇಕ ರೋಗಗಳಲ್ಲಿ ಕೆಟ್ಟ ವಂಶವಾಹಿ ಒಂದೇ ಇದ್ದವನು ಆರೋಗ್ಯವಾಗಿಯೇ ಇರುತ್ತಾನೆ. ತಾಯಿತಂದೆಯರಿಬ್ಬರಲ್ಲೂ ಇದ್ದರೆ ಪ್ರತಿ ಬಸಿರಿನಲ್ಲೂ ರೋಗದ ಸಂಭವ ನಾಲ್ಕರಲ್ಲೊಂದು. ಸೋದರಮಾವನಲ್ಲಿ ಅದಿದ್ದರೆ ಕುಟುಂಬದ ಅದೇ ವಂಶವಾಹಿ ಸೊಸೆಯಲ್ಲೂ ಇರುವ ಸಂಭವ ನಾಲ್ಕರಲ್ಲೊಂದು. ಅತ್ತೆಮಗ, ಮಾವನ ಮಗಳ ಜೋಡಿಯಲ್ಲಿ ಎಂಟರಲ್ಲೊಂದು. ಹೀಗೆ ಮಗುವಿಗೆ ರೋಗ ಬರುವ ಸಂಭವ ಮೊದಲನೆಯ ಜೋಡಿಯಲ್ಲಿ ಹದಿನಾರರಲ್ಲೊಂದು, ಎರಡನೆಯದರಲ್ಲಿ ಮೂವತ್ತೆರಡರಲ್ಲೊಂದು. ಇದು ಶಾಪವಲ್ಲ, ಗಣಿತ. ಬಹುಪಾಲು ಮಕ್ಕಳು ಆರೋಗ್ಯವಾಗಿಯೇ ಹುಟ್ಟುತ್ತಾರೆ. ಆದರೆ ಕುಟುಂಬದಲ್ಲಿ ಅಂಥ ರೋಗ ಕಂಡಿದ್ದರೆ ಮೊದಲೇ ವಿಚಾರಿಸುವುದು ಜಾಣತನ. ನರ, ಸ್ನಾಯುಗಳ ಆನುವಂಶಿಕ ರೋಗಗಳ ಬಗ್ಗೆ ಸಲಹೆ ಪಡೆಯಲು ಜಯನಗರಕ್ಕೆ ಸಮೀಪದ ಹೊಸೂರು ರಸ್ತೆಯಲ್ಲೇ ನಿಮ್ಹಾನ್ಸ್ ಇದೆ.

ಜಾತಕ ನೋಡಲು ನಮ್ಮ ಹಿರಿಯರು ನಾಚುವುದಿಲ್ಲ; ರಕ್ತ ನೋಡಲು ನಾವೇಕೆ ನಾಚಬೇಕು? ಪಿತೃತ್ವದ ಪರೀಕ್ಷೆ ಹಿಂದಕ್ಕೆ ನೋಡುತ್ತದೆ, ಆರೋಗ್ಯದ ತಪಾಸಣೆ ಮುಂದಕ್ಕೆ ನೋಡುತ್ತದೆ. ಎರಡರಲ್ಲಿಯೂ ಫಲವನ್ನು ಅನುಭವಿಸುವುದು ಪರೀಕ್ಷೆಗೆ ಒಪ್ಪಿಗೆ ಕೊಡಲಾರದ ಮಗು. ಆ ಮಗುವಿಗೆ ಇದರಿಂದ ಒಳಿತಾಗುವುದೇ ಎಂದು ಮೊದಲು ಕೇಳಿಕೊಂಡು, ಅನಂತರ ಪರೀಕ್ಷಾಲಯದ ಮೆಟ್ಟಿಲು ಹತ್ತುವುದು ಉಚಿತವೆಂದು ನನ್ನ ವಿನಮ್ರ ಅಭಿಪ್ರಾಯ.