ಸೊರಗಿದ ಎಲೆಗೆ ನೀರು ಮದ್ದಲ್ಲ

ಪ್ರಶ್ನೆ: ನಮ್ಮದು ರಾಯಚೂರು ಜಿಲ್ಲೆಯ ಕಲ್ಲೂರು, ಒಕ್ಕಲುತನದ ಮನಿ. ಬೆಂಗಳೂರಾಗ ನೌಕರಿ ಮಾಡೋ ಮಗ ಸಂಕ್ರಾಂತಿಗೆ ಬಂದಾಗ ಒಂದು ಆರ್ಕಿಡ್ ಗಿಡ ತಂದುಕೊಟ್ಟ. ನೇರಳೆ ಬಣ್ಣದ, ಚಿಟ್ಟಿ ಆಕಾರದ ಹೂವು. ಎರಡು ತಿಂಗಳಾದ್ರೂ ಉದುರಲಿಲ್ಲ. ಹೂವು ಹೋದ ಮ್ಯಾಲೆ ಪಾಟು ಸಣ್ಣದಾತು ಅನ್ನಿಸಿ, ದೊಡ್ಡ ಮಣ್ಣಿನ ಪಾಟಿಗೆ ಎರೆಮಣ್ಣು, ತಿಪ್ಪಿಗೊಬ್ಬರ ತುಂಬಿ ಅದರಾಗ ಹಚ್ಚಿದೆ. ದಿನಾ ಎರಡು ಹೊತ್ತು ನೀರು ಹಾಕೀನಿ. ಈಗ ಎಲೆ ಸುಕ್ಕುಗಟ್ಟಿ ಜೋತುಬಿದ್ದಾವ. ಕೆಳಗಿನ ಎರಡು ಹಳದಿಯಾಗಿ ಉದುರಿದವು. ಒಂದಷ್ಟು ಬೇರು ಪಾಟು ಬಿಟ್ಟು ಹೊರಗ ಚಾಚ್ಯಾವ. ನಮ್ಮತ್ತಿಯವರು ‘ಇದು ಬದನಿಕಿ ಜಾತಿ, ಮನ್ಯಾಗ ಬ್ಯಾಡ, ತಿಪ್ಪಿಗೆ ಒಗಿ’ ಅಂತಾರ. ಮಗ ವಿಡಿಯೋ ಕಾಲ್ ಮಾಡಿದಾಗೆಲ್ಲ ‘ಗಿಡ ತೋರಿಸವ್ವ’ ಅಂತಾನ. ನೆಟ್‌ವರ್ಕ್ ಇಲ್ಲ ಅಂತ ಸುಳ್ಳು ಹೇಳಿ ಫೋನ್ ಇಡಾಕತ್ತೀನಿ. ಉಳಿಸೋ ದಾರಿ ಐತೇನು?
— ಹೆಸರು ಬ್ಯಾಡ, ಕಲ್ಲೂರು

ಉತ್ತರ: ಅಕ್ಕಾವರೆ, ಮೊದಲು ನೀರು ನಿಲ್ಲಿಸಿ. ಇವತ್ತಿನಿಂದಲೇ. ಉಳಿದದ್ದನ್ನು ಆಮೇಲೆ ಮಾತಾಡೋಣ.

ನೀವು ಬರೆದಿರುವ ಲಕ್ಷಣ ನೋಡಿದರೆ ಅದು ಫಲೆನಾಪ್ಸಿಸ್ ಎಂಬ ಆರ್ಕಿಡ್. ಎಲೆ ಸೊರಗಿದ್ದು ಕಂಡು ನೀರು ಸಾಲದಾಯಿತು ಎಂದುಕೊಂಡಿರಿ. ಯಾರೇ ಆದರೂ ಹಾಗೇ ಅಂದುಕೊಳ್ಳುತ್ತಾರೆ. ಆದರೆ ನೀರಿಗೇನೂ ಬರವಿಲ್ಲ, ಅದನ್ನು ಹೀರುವ ಬೇರೇ ಕೊಳೆತಿದೆ. ಕೊಳೆತ ಬೇರು ಎಲೆಗೆ ನೀರು ಮುಟ್ಟಿಸುವುದಿಲ್ಲ, ಎಲೆ ಬಾಡುತ್ತದೆ, ನೀವು ಇನ್ನೊಂದು ತಂಬಿಗೆ ಸುರಿಯುತ್ತೀರಿ, ಉಳಿದ ಬೇರೂ ಕೊಳೆಯುತ್ತದೆ. ಮನೆಯಲ್ಲಿ ಬೆಳೆಸುವ ಆರ್ಕಿಡ್‌ಗಳು ಹೆಚ್ಚಾಗಿ ಸಾಯುವುದು ಹೀಗೆಯೇ.

ಈ ಗಿಡದ ಮೂಲ ಆಗ್ನೇಯ ಏಷ್ಯಾದ ಮಳೆಕಾಡು. ಅಲ್ಲಿ ಅದು ಮರದ ತೊಗಟೆ ಹಿಡಿದು ಬದುಕುತ್ತದೆ, ಮಣ್ಣು ಮುಟ್ಟುವುದೇ ಇಲ್ಲ. ಬೇರಿನ ಮೇಲೆ ವೆಲಾಮೆನ್ ಎಂಬ ಬಿಳಿಯ ಪದರವಿರುತ್ತದೆ, ಒಳಗೆ ಪೊಳ್ಳಾದ ಸತ್ತ ಕೋಶಗಳದ್ದು. ಮಳೆ ಬಿದ್ದಾಗ ನಿಮಿಷಗಳಲ್ಲಿ ನೀರು ಹೀರಿ ಆಮೇಲೆ ಗಾಳಿಗೆ ಒಣಗಬೇಕು; ಈ ಎರಡೂ ಆದರೇ ಬೇರು ಆರೋಗ್ಯವಾಗಿರುತ್ತದೆ. ನಮ್ಮ ಎರೆಮಣ್ಣು ಹತ್ತಿಗೆ, ತೊಗರಿಗೆ, ಬಿಳಿಜೋಳಕ್ಕೆ ಬಂಗಾರ. ಆದರೆ ಒದ್ದೆಯಾದಾಗ ಅದು ಉಬ್ಬಿ ಗಾಳಿಗೆ ಸಂದು ಬಿಡುವುದಿಲ್ಲ, ಒಣಗಿದಾಗ ಬಿರುಕುಬಿಟ್ಟು ಎಳೆಬೇರನ್ನು ಹರಿಯುತ್ತದೆ. ಅದರ ಮೇಲೆ ತಿಪ್ಪೆಗೊಬ್ಬರ ಬೇರೆ! ಕೆಲವು ಬೇರು ಹೊರಗೆ ಚಾಚಿದ್ದಕ್ಕೆ ಗಾಬರಿಯಾಗಬೇಡಿ, ಫಲೆನಾಪ್ಸಿಸ್‌ಗೆ ಅದು ಸಹಜ. ಈಗ ನಿಮ್ಮ ಗಿಡಕ್ಕೆ ಜೀವ ಕೊಡುತ್ತಿರುವುದು ಬಹುಶಃ ಅವೇ.

ನಾಚಿಕೆ ಪಡುವಂಥದ್ದೇನೂ ಇಲ್ಲ. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಇಂಗ್ಲೆಂಡಿನ ಸಿರಿವಂತರು ಹಡಗುಗಟ್ಟಲೆ ಆರ್ಕಿಡ್ ತರಿಸಿ, ಗಾಜಿನ ಮನೆಯ ಕಿಟಕಿ ಬಾಗಿಲು ಮುಚ್ಚಿ, ಒಲೆ ಉರಿಸಿ, ನೀರು ಚಿಮ್ಮಿಸಿ ಕೊಂದರು. ಅವರಿಗೆ ಹಾಗೆ ಮಾಡಲು ಹೇಳಿದವರೂ ದೊಡ್ಡ ಸಸ್ಯವಿಜ್ಞಾನಿಗಳೇ. 1830ರ ದಶಕದಲ್ಲಿ ಚಾಟ್ಸ್‌ವರ್ತ್ ಎಂಬಲ್ಲಿ ಜೋಸೆಫ್ ಪ್ಯಾಕ್ಸ್ಟನ್ ಎಂಬ ತೋಟಗಾರ ಗಾಜಿನ ಮನೆಗೆ ಗಾಳಿ ಬಿಟ್ಟ ಮೇಲೆ ಗಿಡಗಳು ಬದುಕತೊಡಗಿದವು. ಅದೇ ತೋಟದಿಂದ ಜಾನ್ ಗಿಬ್ಸನ್ ಎಂಬಾತ 1835ರಲ್ಲಿ ಹೊರಟು ನಮ್ಮ ಖಾಸಿ ಬೆಟ್ಟಗಳಿಗೂ ಬಂದು ಆರ್ಕಿಡ್ ಹೊತ್ತೊಯ್ದ. ಆ ಸಿರಿವಂತರೆಲ್ಲ ಎಡವಿದ ಕಡೆಯಲ್ಲೇ ನೀವೂ ಎಡವಿದ್ದೀರಿ, ಅಷ್ಟೆ.

ಇನ್ನು ಕೆಲಸ. ಪಾಟ್ ಬದಲಿಸಲು ಹೂವು ಮುಗಿದು ಹೊಸ ಬೇರು ಮೂಡುವ ಸಮಯ ಒಳ್ಳೆಯದು. ನಮ್ಮ ಕಡೆ ಮಿರಗ ಹುಟ್ಟಿ ಬಿಸಿಲಿನ ಝಳ ಇಳಿದ ಮೇಲೆ. ಬೇರು ಕೊಳೆತಿದ್ದರೆ ಮಾತ್ರ ಕಾಲ ನೋಡುತ್ತ ಕೂರಬಾರದು. ಸಂಜೆ ಹೊತ್ತು ಮಾಡಿ. ಗಿಡವನ್ನು ಮಣ್ಣಿನ ಹೆಂಟೆಯ ಸಮೇತ ಬಕೆಟ್ ನೀರಿನಲ್ಲಿ ಸ್ವಲ್ಪ ಹೊತ್ತು ಮುಳುಗಿಸಿಟ್ಟರೆ ಎರೆಮಣ್ಣು ತಾನೇ ಕರಗಿ ಬಿಡುತ್ತದೆ. ಎಳೆದರೆ ಬೇರು ಹರಿಯುತ್ತದೆ. ತೊಳೆದ ಮೇಲೆ ನಡುವೆ ಇಣುಕಿ ನೋಡಿ: ನರ್ಸರಿಯವರು ಸಸಿ ಬೆಳೆಸುವಾಗ ಇಟ್ಟ ಪಾಚಿಯ ಉಂಡೆ, ಕೆಲವೊಮ್ಮೆ ಪ್ಲಾಸ್ಟಿಕ್ ಜಾಳಿಗೆಯ ಸಮೇತ, ಅಲ್ಲೇ ಉಳಿದಿರುತ್ತದೆ. ಮೇಲೆಲ್ಲ ಒಣಗಿದರೂ ಒಳಗೆ ಅದು ಒದ್ದೆಯಾಗಿಯೇ ಇರುವುದರಿಂದ ಕೊಳೆ ಶುರುವಾಗುವುದು ಅಲ್ಲಿಂದಲೇ. ಕತ್ತರಿಸಿ ತೆಗೆಯಿರಿ.

ಆಮೇಲೆ ಒಂದೊಂದೇ ಬೇರನ್ನು ಬೆರಳಲ್ಲಿ ಮೆತ್ತಗೆ ಒತ್ತಿ. ಗಟ್ಟಿಯಾಗಿ ಬಿಳಿ ಅಥವಾ ಹಸಿರು ಇದ್ದರೆ ಜೀವ ಇದೆ. ಕಂದಾಗಿ ಮೆತ್ತಗಾಗಿದ್ದರೆ, ಒತ್ತಿದಾಗ ಸಿಪ್ಪೆ ಜಾರಿ ಒಳಗಿನ ದಾರ ಮಾತ್ರ ಉಳಿದರೆ, ಆ ಬೇರು ಮುಗಿಯಿತು. ಹೊಸ ಬ್ಲೇಡನ್ನು ದೀಪದ ಉರಿಗೆ ಹಿಡಿದು ಆರಿಸಿ, ಕೊಳೆತದ್ದನ್ನೆಲ್ಲ ಗಟ್ಟಿ ಭಾಗದವರೆಗೂ ಕತ್ತರಿಸಿ. ಕೈ ಹಿಂದೆಗೆಯಬೇಡಿ; ಅರೆಕೊಳೆತದ್ದನ್ನು ಉಳಿಸಿದರೆ ಅದು ಪಕ್ಕದ ಬೇರನ್ನೂ ಹಿಡಿಯುತ್ತದೆ. ಕತ್ತರಿಸಿದ ಬಾಯಿಗೆ ಮಾತ್ರ ಚೂರು ದಾಲ್ಚಿನ್ನಿ ಪುಡಿ ಹಚ್ಚಿ. ಬೇರಿಗೆಲ್ಲ ಬಳಿದರೆ ಅದು ಬೇರನ್ನೇ ಒಣಗಿಸುತ್ತದೆ. ಆ ರಾತ್ರಿ ಗಿಡವನ್ನು ಕಾಗದದ ಮೇಲೆ ನೆರಳಲ್ಲಿ ಹಾಗೇ ಬಿಡಿ, ಗಾಯ ಒಣಗಲಿ.

ಮಣ್ಣು ಬೇಡವಾದರೆ ಏನು ತುಂಬಬೇಕು? ಪೇಟೆಯಿಂದ ತರಬೇಕಾದ್ದು ಕಡಿಮೆ. ನಮ್ಮ ಕಡೆ ಬಳ್ಳಾರಿ ಜಾಲಿಯ ಇದ್ದಿಲು ಸಿಗುತ್ತದೆ, ಇಸ್ತ್ರಿ ಅಂಗಡಿಯವರನ್ನು ಕೇಳಿದರೂ ಸಾಕು. ಎರಡು ಪಾಲು ಇದ್ದಿಲು, ಒಂದು ಪಾಲು ಒಡೆದ ಹಂಚಿನ ಚೂರು, ಒಂದು ಪಾಲು ತೆಂಗಿನ ಸಿಪ್ಪೆಯ ತುಂಡು, ಎಲ್ಲವೂ ಒಂದರಿಂದ ಎರಡು ಸೆಂಟಿಮೀಟರಿನವು. ಎಳನೀರಿನ ಗಾಡಿಯವರು ಬಿಸಾಡುವ ಬುರುಡೆ ಒಣಗಿಸಿ ಕತ್ತರಿಸಿಕೊಂಡರೂ ಆದೀತು, ಆದರೆ ದಿನಕ್ಕೊಮ್ಮೆ ನೀರು ಬದಲಿಸುತ್ತ ನಾಲ್ಕು ದಿನ ನೆನೆಸಲೇಬೇಕು, ಸಿಪ್ಪೆಯೊಳಗಿನ ಉಪ್ಪು ಹೋಗಬೇಕಲ್ಲ. ಪಾಟ್ ದೊಡ್ಡದು ಬೇಡವೇ ಬೇಡ. ಉಳಿದ ಬೇರು ಹಿಡಿಸುವಷ್ಟು ಸಾಕು; ಮಗ ತಂದ ಪ್ಲಾಸ್ಟಿಕ್ ಪಾಟಿದ್ದರೆ ಅದಕ್ಕೇ ಕಾದ ಮೊಳೆಯಿಂದ ಸುತ್ತಲೂ ನಾಲ್ಕಾರು ತೂತು ಹಾಕಿ, ಈಗಿನ ದೊಡ್ಡ ಮಣ್ಣಿನ ಪಾಟಿನೊಳಗೆ ಸಡಿಲವಾಗಿ ಇಳಿಸಿ. ಹೊರಗಿನ ಮಣ್ಣಿನ ಗೋಡೆಯನ್ನು ಒದ್ದೆ ಮಾಡುತ್ತಿದ್ದರೆ ಒಳಗೆ ತಂಪು ಉಳಿಯುತ್ತದೆ.

ನೆಡುವಾಗ ಎಲೆ ಹುಟ್ಟುವ ಬುಡ ತುಂಬಿದ ಚೂರುಗಳ ಮೇಲೇ ಇರಲಿ, ಹೂಳಬೇಡಿ. ಹೊರಗೆ ಚಾಚಿದ ಬೇರನ್ನು ಬಲವಂತವಾಗಿ ಒಳಗೆ ತುರುಕಬೇಡಿ, ಮುರಿಯುತ್ತವೆ. ಬೇರು ಕಡಿಮೆಯಾದ ಗಿಡ ಅಲ್ಲಾಡುತ್ತದೆ, ಅಲ್ಲಾಡಿದರೆ ಹೊಸ ಬೇರಿನ ತುದಿ ಸವೆಯುತ್ತದೆ. ಒಂದು ಕಡ್ಡಿ ಊರಿ ಸಡಿಲವಾಗಿ ಕಟ್ಟಿ.

ಮೂರು ದಿನ ನೀರು ಬೇಡ, ಎಲೆಯ ಕೆಳಭಾಗಕ್ಕೆ ಬೆಳಿಗ್ಗೆ ತುಂತುರು ಸಾಕು. ಅಲ್ಲಿಂದ ಮುಂದೆ ದಿನ ಲೆಕ್ಕ ಹಾಕಬೇಡಿ, ಬೇರು ನೋಡಿ. ಬೆಳ್ಳಿ ಬಣ್ಣಕ್ಕೆ ತಿರುಗಿದರೆ ಬಾಯಾರಿದೆ. ಬೆಳಿಗ್ಗೆ ಹತ್ತು ನಿಮಿಷ ಪಾಟನ್ನು ನೀರಲ್ಲಿ ಮುಳುಗಿಸಿ ಪೂರಾ ಬಸಿದು ಇಡಿ. ಹಸಿರಿದ್ದರೆ ಮುಟ್ಟಬೇಡಿ. ಎಲೆಯ ನಡುವಿನ ಸುಳಿಯಲ್ಲಿ ನೀರು ನಿಂತರೆ ಬಟ್ಟೆಯ ತುದಿಯಿಂದ ಒರೆಸಿಬಿಡಿ. ಸುಳಿ ಕೊಳೆತರೆ ಗಿಡವನ್ನು ಉಳಿಸುವುದು ಬಹಳ ಕಷ್ಟ.

ನಮ್ಮ ಕಡೆಯ ಬೋರ್ ನೀರಿನದು ಇನ್ನೊಂದು ತಕರಾರು. ಪಾಟಿನ ಅಂಚಿಗೆ ಬಿಳಿ ಉಪ್ಪು ಕಟ್ಟಿದ್ದರೆ ಅದೇ ಉಪ್ಪು ಬೇರಿನ ತುದಿಯನ್ನೂ ಸುಡುತ್ತಿದೆ ಎಂದರ್ಥ. ಮಳೆನೀರು ಹಿಡಿದಿಟ್ಟುಕೊಳ್ಳಿ, ಇಲ್ಲವೇ ಶುದ್ಧ ಕುಡಿಯುವ ನೀರಿನ ಘಟಕದ ಕ್ಯಾನಿನಿಂದ ಒಂದು ಚೊಂಬು ತೆಗೆದಿಡಿ. ಗೊಬ್ಬರದ ವಿಷಯದಲ್ಲಿ ನಿಮ್ಮ ಮನೆಯವರ ಕೈ ಮುಂದಾಗದಂತೆ ನೋಡಿಕೊಳ್ಳಿ: ಯೂರಿಯಾ, ಡಿಎಪಿ ಹತ್ತಿರ ಸುಳಿಯಬಾರದು. ಹೊಸ ಬೇರು ಕಂಡ ಮೇಲೆ ಹೊಲಕ್ಕೆ ತರುವ 19:19:19 ಪುಡಿ ಲೀಟರಿಗೆ ಅರ್ಧ ಗ್ರಾಂ, ಹದಿನೈದು ದಿನಕ್ಕೊಮ್ಮೆ. ಹತ್ತಿಗೆ ಸಿಂಪಡಿಸುವ ಪ್ರಮಾಣ ಹಾಕಿದರೆ ಬೇರು ಸುಟ್ಟುಹೋಗುತ್ತದೆ.

ಜಾಗ? ತಗಡಿನ ಕೆಳಗೆ ಬೇಡ. ಪಡಸಾಲೆಯಲ್ಲಿ ನೀರಿನ ಹರವಿ ಇಡುವ ಮೂಲೆಗೆ ಮೂಡಣದ ಬೆಳಕು ಬರುತ್ತಿದ್ದರೆ ಅದಕ್ಕಿಂತ ಒಳ್ಳೆಯ ತಾಣವಿಲ್ಲ. ಕೂಲರ್ ಇರುವ ಕೋಣೆಯೂ ಆಗುತ್ತದೆ, ಅದರ ಗಾಳಿಗೆ ನೇರ ಒಡ್ಡಬೇಡಿ.

ಅತ್ತೆಯವರ ಮಾತನ್ನು ತಳ್ಳಿಹಾಕಬೇಡಿ. ಬದನಿಕೆ ಬೇವು ಮಾವುಗಳ ಟೊಂಗೆಯೊಳಗೆ ಬೇರಿಳಿಸಿ ರಸ ಹೀರುವುದನ್ನು ಅವರು ಕಣ್ಣಾರೆ ಕಂಡವರು, ಅವರ ಅಂಜಿಕೆಗೆ ಆಧಾರವಿದೆ. ಆರ್ಕಿಡ್ ಹಾಗಲ್ಲ, ಮರವನ್ನು ಹಿಡಿದುಕೊಂಡಿರುತ್ತದೆ, ಅದರ ರಸಕ್ಕೆ ಕೈ ಹಾಕುವುದಿಲ್ಲ. ಬೇರು ತೊಳೆಯುವ ಸಂಜೆ ಅವರನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿ. ಯಾವುದು ಸತ್ತ ಬೇರು, ಯಾವುದು ಜೀವದ್ದು ಎಂದು ಒಕ್ಕಲುತನದ ಕೈಗೆ ನಮಗಿಂತ ಬೇಗ ಗೊತ್ತಾಗುತ್ತದೆ. ಒಮ್ಮೆ ಕೈ ಹಾಕಿದರೆ ತಿಪ್ಪೆಯ ಮಾತು ಅಲ್ಲಿಗೇ ನಿಂತೀತು.

ಮಗನ ಫೋನಿಗೂ ಅದೇ ಸಂಜೆ ಉತ್ತರಿಸಿ. ಕೊಳೆತ ಬೇರನ್ನೇ ತೋರಿಸಿ. ಅವನೂ ಅಂಗಡಿಯಿಂದ ತಂದಿದ್ದಾನೆಯೇ ಹೊರತು ಬೆಳೆಸಿದವನಲ್ಲ; ಮಣ್ಣಿಗೆ ಹಾಕಬಾರದೆಂದು ಅವನಿಗೂ ಗೊತ್ತಿದ್ದಂತಿಲ್ಲ, ಗೊತ್ತಿದ್ದರೆ ಹೇಳುತ್ತಿದ್ದ.

ಗಟ್ಟಿ ಬೇರು ಮೂರ್ನಾಲ್ಕು ಉಳಿದಿದ್ದರೆ ಗಿಡ ಚೇತರಿಸಿಕೊಳ್ಳುವ ಸಾಧ್ಯತೆ ಚೆನ್ನಾಗಿದೆ. ಸುಕ್ಕಾದ ಹಳೆಯ ಎಲೆ ಮತ್ತೆ ನಯವಾಗಲಿಕ್ಕಿಲ್ಲ, ಹೊಸ ಎಲೆ ನೋಡಿ. ಕಾರ್ತಿಕ ಕಳೆದು ರಾತ್ರಿ ತಂಪಾಗತೊಡಗಿದಾಗ ಹೂದಂಡು ಹೊರಡುತ್ತದೆ, ಆದರೆ ಇಷ್ಟು ಪೆಟ್ಟು ತಿಂದ ಗಿಡ ಈ ವರ್ಷ ಹೂ ಬಿಡದಿದ್ದರೆ ಬೇಸರಿಸಬೇಡಿ. ಒಂದು ಬೇರೂ ಉಳಿದಿಲ್ಲವಾದರೆ ಬಿಟ್ಟುಬಿಡಿ, ಫಲೆನಾಪ್ಸಿಸ್‌ಗೆ ನೀರು ಕೂಡಿಡುವ ಗಡ್ಡೆಯಿಲ್ಲ. ಆಗ ಮಗ ದಸರಾಕ್ಕೆ ಬರುವಾಗ ಡೆಂಡ್ರೋಬಿಯಂ ಎಂಬ ಆರ್ಕಿಡ್ ತರಲಿ. ಅದರ ದಂಟಿನಲ್ಲೇ ನೀರು ಕೂಡಿರುತ್ತದೆ, ನಮ್ಮ ಬಿಸಿಲಿಗೆ ಇದಕ್ಕಿಂತ ತಡೆಯುತ್ತದೆ. ಮಲೆನಾಡಿನ ಕಡೆ ಹೋದವರ ಕೈಲಿ ಕಾಡಿನಿಂದ ಸೀತಾಳೆದಂಡೆಯಂಥ ಆರ್ಕಿಡ್ ಕೀಳಿಸಿ ತರಿಸುವ ಯೋಚನೆ ಮಾತ್ರ ಬೇಡ. ಮೀಸಲು ಅರಣ್ಯದಿಂದ ಗಿಡ ಕಿತ್ತರೆ ಅಪರಾಧ, ತಂದರೂ ಇಲ್ಲಿ ಬದುಕುವುದು ಕಷ್ಟ. ಮಗನಿಗೆ ಬರುವಾಗ ನರ್ಸರಿಯಿಂದ ಒಂದು ಕಿಲೋ ಪೈನ್ ತೊಗಟೆಯ ಚೂರನ್ನೂ ತರಲು ಹೇಳಿ, ಇದ್ದಿಲಿನ ಜೊತೆ ಬೆರೆಸಿದರೆ ಎರಡು ವರ್ಷ ಪಾಟ್ ಬದಲಿಸುವ ಗೊಡವೆ ಇರುವುದಿಲ್ಲ.